ಬೆಳ್ಳಿ ಬಟ್ಟಲಿನ ಮೇಲೆ ಗ್ರೀಕ್ ಪುರಾಣ

ಇಂಗ್ಲೆಂಡಿನ ಹಳೆಯ ಬೆಳ್ಳಿ ಪಾನಪಾತ್ರೆಗಳ ಮೇಲೆ ಮತ್ತೆ ಮತ್ತೆ ಎದುರಾಗುವವನು ಬ್ಯಾಕಸ್, ದ್ರಾಕ್ಷಾರಸದ ದೇವರು. ಅವನಿಲ್ಲದ ಕಡೆ ಅವನ ಪರಿವಾರವಿರುತ್ತದೆ: ಅಮಲೇರಿದ ಮುದುಕ ಸೈಲೀನಸ್, ಆಡಿನ ಕಾಲಿನ ವನದೇವತೆಗಳು. ಅವರೂ ಇಲ್ಲದಿದ್ದರೆ ಅಂಚಿನ ಸುತ್ತ ದ್ರಾಕ್ಷಿಬಳ್ಳಿಯಾದರೂ ಹಬ್ಬಿರುತ್ತದೆ.

ಈ ಅಭಿರುಚಿಗೆ ಬಿರುಸು ಬಂದದ್ದು 18ನೇ ಶತಮಾನದ ಉತ್ತರಾರ್ಧದಲ್ಲಿ. ಇಟಲಿಯಲ್ಲಿ 1738ರಲ್ಲಿ ಹರ್ಕ್ಯುಲೇನಿಯಂ, 1748ರಲ್ಲಿ ಪೊಂಪೈ ಉತ್ಖನನ ಆರಂಭವಾಯಿತು. ಅಲ್ಲಿ ಸಿಕ್ಕ ವಸ್ತುಗಳ ಚಿತ್ರಗಳು ಪುಸ್ತಕಗಳಾಗಿ ಲಂಡನ್ನಿನ ಅಕ್ಕಸಾಲಿಗರ ಕೈ ಸೇರಿದವು. ಪ್ರಾಚೀನ ಗ್ರೀಕರು ದ್ರಾಕ್ಷಾರಸ ಬೆರೆಸುತ್ತಿದ್ದ ಎರಡು ಹಿಡಿಯ ಅಗಲ ಬಾಯಿಯ ಪಾತ್ರೆಯೇ ಮಾದರಿಯಾಯಿತು. ಕುದುರೆ ಪಂದ್ಯದ ಬಹುಮಾನಕ್ಕೂ ಅದೇ ಆಕಾರ. ಇಂದಿನ ಕ್ರೀಡಾಕೂಟಗಳ ಕಪ್ಪಿನಲ್ಲೂ ಅದರ ಛಾಯೆಯಿದೆ. 1805ರ ಟ್ರಫಾಲ್ಗರ್ ಕದನದ ನೌಕಾಧಿಕಾರಿಗಳಿಗೆ ಕೊಟ್ಟ ಮುಚ್ಚಳದ ಬೆಳ್ಳಿ ಪಾತ್ರೆಗಳ ಮೇಲೆ ಬ್ಯಾಕಸ್ ಇಲ್ಲ. ಹಲವು ಹೆಡೆಯ ಹೈಡ್ರಾ ಸರ್ಪವನ್ನು ಕೊಲ್ಲುವ ಹರ್ಕ್ಯುಲಿಸ್ ಇದ್ದಾನೆ. ಯೋಧನಿಗೆ ಒಪ್ಪುವ ಕಥೆ ಅದು. ಅವುಗಳ ವಿನ್ಯಾಸಕಾರ ಶಿಲ್ಪಿ ಜಾನ್ ಫ್ಲಾಕ್ಸ್‌ಮನ್.

ಫ್ಲಾಕ್ಸ್‌ಮನ್ ವಿನ್ಯಾಸಕ್ಕೆ ಅಕ್ಕಸಾಲಿಗ ಪಾಲ್ ಸ್ಟಾರ್ ರೂಪ ಕೊಟ್ಟ 'ಥಿಯೋಕ್ರಿಟಸ್ ಕಪ್' ಈ ಪರಂಪರೆಯ ಅತಿ ಸುಂದರ ಕೃತಿಗಳಲ್ಲೊಂದು. 1812ರಲ್ಲಿ ರಾಣಿ ಶಾರ್ಲೆಟ್ ಇದನ್ನು ಮಗನಿಗೆ, ಮುಂದೆ ನಾಲ್ಕನೇ ಜಾರ್ಜ್ ಆದವನಿಗೆ, ಉಡುಗೊರೆಯಾಗಿ ಕೊಟ್ಟಳು. ಗ್ರೀಕ್ ಕವಿ ಥಿಯೋಕ್ರಿಟಸನ ಮೊದಲ ಗೋಪಗೀತೆಯಲ್ಲಿ ಆಡು ಕಾಯುವವನೊಬ್ಬ ಹಾಡುಗಾರನಿಗೆ ಮರದ ಬಟ್ಟಲೊಂದನ್ನು ಕೊಡುತ್ತಾನೆ. ಅದರ ಮೇಲಿನ ಕೆತ್ತನೆಯನ್ನು ಕವಿ ಬಿಡಿಬಿಡಿಯಾಗಿ ವರ್ಣಿಸುತ್ತಾನೆ: ಇಬ್ಬರು ಪ್ರಣಯಿಗಳ ನಡುವೆ ನಿಂತ ಹೆಣ್ಣು, ಬಲೆ ಎಳೆಯುವ ಮುದುಕ ಬೆಸ್ತ, ದ್ರಾಕ್ಷಿತೋಟದ ಕಾವಲಿಗೆ ಕೂತ ಹುಡುಗ. ಮಿಡತೆಗೊಂದು ಪುಟ್ಟ ಗೂಡು ಹೆಣೆಯುವುದರಲ್ಲಿ ಹುಡುಗ ಮೈಮರೆತಿದ್ದಾನೆ. ಒಂದು ನರಿ ಹಣ್ಣು ತಿನ್ನುತ್ತಿದೆ, ಇನ್ನೊಂದು ಅವನ ಬುತ್ತಿಗೆ ಹೊಂಚು ಹಾಕಿದೆ. ಎರಡು ಸಾವಿರ ವರ್ಷ ಮಾತಿನಲ್ಲಷ್ಟೇ ಇದ್ದ ಬಟ್ಟಲು ಹೀಗೆ ಚಿನ್ನದ ಲೇಪದ ಬೆಳ್ಳಿಯಾಗಿ ಕಣ್ಣಿಗೆ ಬಿತ್ತು.

ಪಾತ್ರೆಯ ಒಡಲನ್ನು ಬೆಳ್ಳಿ ತಗಡಿನಿಂದ ಬಡಿದು ಎಬ್ಬಿಸುತ್ತಿದ್ದರು. ಒಳಗಿನಿಂದ ತಟ್ಟಿ ಆಕೃತಿಗಳನ್ನು ಉಬ್ಬಿಸಿ, ಒಡಲಿಗೆ ರಾಳ ತುಂಬಿ, ಮೊಂಡ ಉಳಿಗಳಿಂದ ಹೊರಗಡೆ ಕಣ್ಣು, ಕೂದಲು, ಎಲೆಯ ನರಗಳನ್ನು ತಿದ್ದುತ್ತಿದ್ದರು. ಹಿಡಿಗಳನ್ನು ಎರಕ ಹೊಯ್ದು ಬೆಸೆಯುತ್ತಿದ್ದರು. ದ್ರಾಕ್ಷಾರಸದ ಹುಳಿ ಬೆಳ್ಳಿಯನ್ನು ಕೆಡಿಸದಿರಲೆಂದು ಒಳಮೈಗೆ ಹಲವು ಬಾರಿ ಚಿನ್ನದ ಲೇಪವಿರುತ್ತಿತ್ತು. ಚಿನ್ನವನ್ನು ಪಾದರಸದಲ್ಲಿ ಕಲಸಿ ಬಳಿದು ಕಾಯಿಸುವ ಆ ಕೆಲಸದ ವಿಷದ ಹೊಗೆ ಕುಶಲಕರ್ಮಿಗಳ ಆರೋಗ್ಯವನ್ನೇ ತಿನ್ನುತ್ತಿತ್ತು. ಆ ಹೊಳಪಿನ ಬೆಲೆ ತೆತ್ತವರು ಅವರು.

ಪಾತ್ರೆಯ ಹುಟ್ಟನ್ನು ಹೇಳುವುದು ಅದರ ಮೇಲಿನ ಸಣ್ಣ ಮುದ್ರೆಗಳು. ನಡೆಯುತ್ತಿರುವ ಸಿಂಹವೆಂದರೆ ನೂರಕ್ಕೆ 92.5 ಪಾಲು ಶುದ್ಧ ಬೆಳ್ಳಿ. ಚಿರತೆಯ ತಲೆ ಲಂಡನ್ನಿನ ಗುರುತು. ಒಂಟಿ ಅಕ್ಷರ ವರ್ಷವನ್ನೂ ಹೆಸರಿನ ಮೊದಲಕ್ಷರಗಳು ತಯಾರಕನನ್ನೂ ಸೂಚಿಸುತ್ತವೆ. 1784ರಿಂದ 1890ರವರೆಗೆ ತೆರಿಗೆ ಕಟ್ಟಿದ್ದಕ್ಕೆ ದೊರೆಯ ತಲೆಯೂ ಬೀಳುತ್ತಿತ್ತು.

ಮುದ್ರೆ ಹಳೆಯದಾದರೂ ಅಲಂಕಾರ ಹಳೆಯದೆಂದು ನಂಬುವಂತಿಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಿಂದಿನವರ ಬೋಳು ಮೈಯ ಬಿಯರ್ ಪಾತ್ರೆಗಳ ಮೇಲೆ ಹೂಬಳ್ಳಿ, ದೇವತೆಗಳನ್ನು ಉಬ್ಬಿಸುವ ಚಾಳಿ ಹಬ್ಬಿತ್ತು. ಅಂಥ ಕಡೆ ಬಳ್ಳಿಯೊಂದು ಮುದ್ರೆಯನ್ನೇ ತುಳಿದು ಹಾದುಹೋಗಿರುತ್ತದೆ. ಮೊದಲೇ ಕೆತ್ತಿದ ಬಳ್ಳಿಯಾದರೆ ಮುದ್ರೆ ಅದರ ಪಕ್ಕದ ಬಯಲಿನಲ್ಲಿ ಕುಳಿತಿರುತ್ತಿತ್ತು.