ಉಂಡು ಮಲಗಿದರೂ ಮುಗಿಯದ ಹಿಂಸೆ

ಹೆಣ್ಣಿನ ಮೇಲೆ ದೌರ್ಜನ್ಯ ನಡೆದ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಬೀದಿಯಲ್ಲಿ ನಡೆದಿದ್ದರೆ ‘ಗಲ್ಲಿಗೇರಿಸಿ’, ಮನೆಯೊಳಗೆ ನಡೆದಿದ್ದರೆ ‘ಅವರವರ ಸಂಸಾರ, ನಮಗ್ಯಾಕೆ’. ಎರಡೂ ಮಾತು ಆಡಿದವರನ್ನು ಹೊಣೆಯಿಂದ ಬಿಡಿಸಿಬಿಡುತ್ತವೆ. ಹಿಂಸೆ ನಿಲ್ಲಬೇಕಾದರೆ ನೆರೆಮನೆ, ತವರು, ಆಸ್ಪತ್ರೆ, ಶಾಲೆ, ಪೊಲೀಸ್ ಠಾಣೆ, ನ್ಯಾಯಾಲಯ ಎಲ್ಲವೂ ತಮ್ಮ ತಮ್ಮ ಪಾಲಿನ ಕೆಲಸ ಮಾಡಬೇಕು. ಅದಕ್ಕೆ ಅಡ್ಡ ನಿಂತಿರುವ ಆರು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ.

ಸತ್ಯ: ಜಗಳದಲ್ಲಿ ಇಬ್ಬರೂ ಮಾತಾಡುತ್ತಾರೆ, ಹಿಂಸೆಯಲ್ಲಿ ಒಬ್ಬರು ಹೆದರಿಸುತ್ತಾರೆ, ಇನ್ನೊಬ್ಬರು ಹೆದರಿ ಬದುಕುತ್ತಾರೆ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಒಮ್ಮೆಯಾದರೂ ಹಿಂಸೆ ಅನುಭವಿಸಿದ್ದಾರೆ. ದೇಶದ ಸರಾಸರಿ ಶೇ 29.3. ಅದೇ ಸಮೀಕ್ಷೆ ಇನ್ನೊಂದು ಪ್ರಶ್ನೆ ಕೇಳಿತ್ತು: ಅಡುಗೆ ಕೆಟ್ಟರೆ, ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ ಗಂಡ ಹೊಡೆಯುವುದು ಸರಿಯೇ? ಇಂಥ ಏಳು ಕಾರಣಗಳಲ್ಲಿ ಒಂದಕ್ಕಾದರೂ ‘ಸರಿ’ ಎಂದವರು ರಾಜ್ಯದ ಮಹಿಳೆಯರಲ್ಲಿ ಸುಮಾರು ಶೇ 77, ಪುರುಷರಲ್ಲಿ ಸುಮಾರು ಶೇ 82. ಹೊಡೆಯುವ ಕೈಗೆ ಬಲ ಸಿಗುವುದು ಸುತ್ತಲಿನವರ ಈ ಒಪ್ಪಿಗೆಯಿಂದ.

ನಂಬಿಕೆ 2: ಅಪಾಯವಿರುವುದು ಹೊರಗೆ. ಹೊತ್ತು ಮುಳುಗುವ ಮೊದಲು ಮನೆ ಸೇರಿದರೆ ಹೆಣ್ಣುಮಕ್ಕಳು ಕ್ಷೇಮ.

ಸತ್ಯ: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳನ್ನು ತೆಗೆದು ನೋಡಿ. 2021ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ಶೇ 95ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ: ಬಂಧು, ನೆರೆಯವ, ಸ್ನೇಹಿತ, ಕೆಲಸ ಕೊಟ್ಟವ, ಮದುವೆಯಾಗುವೆನೆಂದು ನಂಬಿಸಿದವ. 2022ರಲ್ಲಿ ಮಹಿಳೆಯರ ವಿರುದ್ಧ ದಾಖಲಾದ 4,45,256 ಅಪರಾಧಗಳಲ್ಲಿ ಅತಿ ದೊಡ್ಡ ಪಾಲು, ಶೇ 31.4, ಗಂಡ ಮತ್ತು ಅವನ ಕಡೆಯವರ ಕ್ರೌರ್ಯದ್ದು. ಬೀದಿ ದೀಪ, ಸಿಸಿಟಿವಿ ಕ್ಯಾಮೆರಾ ಬೇಕು, ನಿಜ. ಆದರೆ ಅವುಗಳ ಬೆಳಕು, ಕಣ್ಣು ಮನೆಯೊಳಗೆ ತಲುಪುವುದಿಲ್ಲ. ಮಗಳನ್ನು ಹೊರಗೆ ಬಿಡದೆ ಕಾಯುವುದಕ್ಕಿಂತ, ‘ಮಾವ ಹೀಗೆ ಮಾಡಿದ’ ಎಂದು ಅವಳು ಹೇಳಿದಾಗ ನಂಬುವುದು ದೊಡ್ಡ ರಕ್ಷಣೆ.

ನಂಬಿಕೆ 3: ಎಲ್ಲಕ್ಕೂ ಕುಡಿತವೇ ಕಾರಣ. ಅದನ್ನು ಬಿಡಿಸಿದರೆ ಸಾಕು.

ಸತ್ಯ: ಕುಡಿತ ಹಿಂಸೆಯನ್ನು ಹೆಚ್ಚಿಸುತ್ತದೆ, ಅನುಮಾನವಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹಳ್ಳಿಯ ಹೆಣ್ಣುಮಕ್ಕಳು ನಡೆದು ಬಂದದ್ದು ಆ ಅನುಭವದಿಂದಲೇ. ಪದೇ ಪದೇ ಅಮಲೇರಿಸಿಕೊಳ್ಳುವ ಗಂಡಂದಿರ ಹೆಂಡತಿಯರಲ್ಲಿ ಶೇ 70ರಷ್ಟು ಮಂದಿ ಹಿಂಸೆ ಕಂಡಿದ್ದಾರೆ ಎನ್ನುತ್ತದೆ ಐದನೇ ಸಮೀಕ್ಷೆ. ಅದೇ ಪುಟದಲ್ಲಿ ಇನ್ನೊಂದು ಅಂಕಿಯೂ ಇದೆ: ಗಂಡ ಕುಡಿಯುವುದೇ ಇಲ್ಲ ಎಂದವರಲ್ಲೂ ಶೇ 23ರಷ್ಟು ಮಂದಿಗೆ ಹಿಂಸೆ ತಪ್ಪಿಲ್ಲ. ಕುಡಿದವನು ಮೇಲಧಿಕಾರಿಯ ಮೇಲೆ, ಊರ ಗೌಡರ ಮೇಲೆ ಕೈ ಎತ್ತುವುದು ಅಪರೂಪ. ಹೆಂಡತಿಯ ಮೇಲೆ ಎತ್ತುತ್ತಾನೆ. ಯಾರ ಮೇಲೆ ಎತ್ತಿದರೆ ಕೇಳುವವರಿಲ್ಲ ಎಂಬ ಲೆಕ್ಕ ಅಮಲಿನಲ್ಲೂ ಅವನಿಗೆ ತಪ್ಪುವುದಿಲ್ಲ. ಹಾಗಾಗಿ ಕುಡಿತ ಬಿಡಿಸುವುದರ ಜೊತೆಗೆ ‘ಇವಳು ನನ್ನ ಹತೋಟಿಯಲ್ಲಿರಬೇಕು’ ಎಂಬ ಧೋರಣೆಯನ್ನೂ ಬಿಡಿಸಬೇಕು.

ನಂಬಿಕೆ 4: ಅಷ್ಟು ಕಷ್ಟವಿದ್ದರೆ ಹೇಳುತ್ತಿದ್ದಳು, ಬಿಟ್ಟು ಬರುತ್ತಿದ್ದಳು.

ಸತ್ಯ: ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ಶೇ 77ರಷ್ಟು ಮಂದಿ ಯಾರ ನೆರವನ್ನೂ ಕೇಳಿಲ್ಲ, ಯಾರಿಗೂ ಹೇಳಿಲ್ಲ. ನೆರವು ಕೇಳಿದವರು ಶೇ 14 ಮಾತ್ರ. ಅವರಲ್ಲೂ ಹೆಚ್ಚಿನವರು ಹೋಗಿದ್ದು ತವರಿಗೆ. ಅಲ್ಲಿ ಸಿಗುವ ಉತ್ತರ ನಮಗೆಲ್ಲ ಗೊತ್ತಿರುವುದೇ: ‘ಹೊಂದಿಕೊಂಡು ಹೋಗಮ್ಮ, ತಂಗಿಯ ಮದುವೆ ಆಗಬೇಕಲ್ಲ.’ ಕೈಯಲ್ಲಿ ದುಡ್ಡಿಲ್ಲ, ಹೆಸರಿನಲ್ಲಿ ಮನೆಯಿಲ್ಲ, ಮಕ್ಕಳ ಶಾಲೆ ಇಲ್ಲೇ ಇದೆ. ಮನೆ ಬಿಡುವ ಹೊತ್ತಿನಲ್ಲಿ ಹಿಂಸೆ ಜೋರಾಗುವ ಭಯ ಬೇರೆ. ‘ಯಾಕೆ ಬಿಟ್ಟು ಬರಲಿಲ್ಲ’ ಎಂದು ಅವಳನ್ನು ಕೇಳುವ ಮೊದಲು, ಬಂದಿದ್ದರೆ ಎಲ್ಲಿಗೆ ಬರಬೇಕಿತ್ತು ಎಂದು ನಮ್ಮನ್ನೇ ಕೇಳಿಕೊಳ್ಳಬೇಕು.

ನಂಬಿಕೆ 5: ದೂರು ಕೊಟ್ಟರೆ ಗಂಡ ಜೈಲಿಗೆ, ಸಂಸಾರ ಬೀದಿಗೆ.

ಸತ್ಯ: ಎಷ್ಟೋ ಹೆಣ್ಣುಮಕ್ಕಳು ಬಾಯಿ ಬಿಡದಿರುವುದು ಈ ಭಯದಿಂದ, ಹಾಗಾಗಿ ಇದನ್ನು ಬಿಡಿಸಿ ಹೇಳಬೇಕು. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ ಮೊದಲ ಉದ್ದೇಶ ರಕ್ಷಣೆ. ಹೊಡೆಯಬಾರದು, ಹತ್ತಿರ ಬರಬಾರದು ಎಂಬ ಆದೇಶ, ಖರ್ಚಿಗೆ ಹಣ, ಮಕ್ಕಳ ತಾತ್ಕಾಲಿಕ ಸುಪರ್ದಿ, ಪರಿಹಾರ, ಇವೆಲ್ಲವನ್ನೂ ಮ್ಯಾಜಿಸ್ಟ್ರೇಟರು ಕೊಡಬಹುದು. ಆದೇಶವನ್ನು ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ.

ಸಂಸಾರ ಬೀದಿಗೆ ಬೀಳದಿರಲೆಂದೇ ವಾಸದ ಹಕ್ಕನ್ನೂ ಈ ಕಾಯ್ದೆ ಕೊಟ್ಟಿದೆ. ಮನೆ ಯಾರ ಹೆಸರಿನಲ್ಲಿದ್ದರೂ ಅವಳನ್ನು ಕಾನೂನುಬಾಹಿರವಾಗಿ ಹೊರಹಾಕುವಂತಿಲ್ಲ. ಅತ್ತೆ ಮಾವನ ಹೆಸರಿನ ಮನೆಯೂ ಇದರಲ್ಲಿ ಸೇರಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಹೊಡೆತವಷ್ಟೇ ಅಲ್ಲದೆ ಸದಾ ಹೀಯಾಳಿಸುವುದು, ಸಂಬಳ ಕಿತ್ತುಕೊಳ್ಳುವುದು, ಸ್ತ್ರೀಧನ ಮಾರುವುದು, ಬಲವಂತದ ಲೈಂಗಿಕತೆ ಕೂಡ ದೌರ್ಜನ್ಯವೇ. ಹೆಂಡತಿ ಮಾತ್ರವಲ್ಲ, ತಾಯಿ, ಮಗಳು, ಅಕ್ಕತಂಗಿ, ಮನೆಯಲ್ಲಿರುವ ವಿಧವೆ ಕೂಡ ಈ ಕಾಯ್ದೆಯ ನೆರವು ಪಡೆಯಬಹುದು.

ಈ ಕಾಯ್ದೆಯಡಿ ದೂರು ಸ್ವೀಕರಿಸಿ ನೆರವಾಗುವ ಸಂರಕ್ಷಣಾಧಿಕಾರಿಯ ಹೊಣೆ ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ಅಂಗನವಾಡಿ ಕಾರ್ಯಕರ್ತೆಯರೆಲ್ಲ ಬಲ್ಲ ಸಿಡಿಪಿಒಗೆ, ಸೇರಿದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೂ ಚಿಂತೆಯಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಆದಾಯ ಎಷ್ಟೇ ಇರಲಿ, ಪ್ರತಿ ಮಹಿಳೆಯೂ ಉಚಿತ ಕಾನೂನು ನೆರವಿಗೆ ಅರ್ಹಳು. ದೂರನ್ನು ಅವಳೇ ಕೊಡಬೇಕೆಂದೂ ಇಲ್ಲ. ಪಕ್ಕದ ಮನೆಯವರು ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಸದುದ್ದೇಶದಿಂದ ಹೇಳಿದವರ ಮೇಲೆ ಯಾವ ಮೊಕದ್ದಮೆಯೂ ಬಾರದಂತೆ ಕಾಯ್ದೆಯ 4ನೇ ಸೆಕ್ಷನ್ ಕಾಪಾಡುತ್ತದೆ.

ನಂಬಿಕೆ 6: ನಾಲ್ಕು ಜನರನ್ನು ಗಲ್ಲಿಗೇರಿಸಿದರೆ ಎಲ್ಲ ಸರಿಹೋಗುತ್ತದೆ.

ಸತ್ಯ: 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ರಚನೆಯಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 29 ದಿನಗಳಲ್ಲಿ ವರದಿ ಕೊಟ್ಟಿತು. ಅತ್ಯಾಚಾರಕ್ಕೆ ಮರಣದಂಡನೆಯನ್ನು ಅದು ಶಿಫಾರಸು ಮಾಡಲಿಲ್ಲ. ಪೊಲೀಸ್ ಸುಧಾರಣೆ, ಸಂತ್ರಸ್ತೆಯ ಘನತೆ ಕಾಯುವ ವೈದ್ಯಕೀಯ ಪರೀಕ್ಷೆ, ಶಾಲೆಗಳಲ್ಲಿ ಸರಿಯಾದ ಶಿಕ್ಷಣದ ಮೇಲೆ ಒತ್ತು ಕೊಟ್ಟಿತು. ಅತ್ಯಾಚಾರ ಪ್ರಕರಣಗಳಲ್ಲಿ ಶಿಕ್ಷೆಯಾಗುವ ಪ್ರಮಾಣ ಇಂದಿಗೂ ಶೇ 30ರ ಆಸುಪಾಸಿನಲ್ಲೇ ಇದೆ. ಸಿಕ್ಕಿಬೀಳುವುದೇ ಅನುಮಾನ ಎಂದಾದರೆ ಶಿಕ್ಷೆ ಎಷ್ಟು ಘೋರವಾಗಿದ್ದರೇನು? ಆರೋಪಿ ಮನೆಯವನೇ ಆಗಿದ್ದಾಗ ‘ಗಲ್ಲಾಗುತ್ತದೆ’ ಎಂಬ ಭಯ ಬಾಲಕಿಯ ಬಾಯನ್ನೇ ಮುಚ್ಚಿಸಬಹುದು.

ಹಾಗಾದರೆ ಯಾವುದು ಫಲ ಕೊಡುತ್ತದೆ? ಉಗಾಂಡದ ಕಂಪಾಲಾ ನಗರದಲ್ಲಿ ‘ಸಾಸಾ’ ಎಂಬ ಕಾರ್ಯಕ್ರಮ ನಡೆಯಿತು. ಬಡಾವಣೆಯ ಸಾಮಾನ್ಯ ಗಂಡಸರು ಹೆಂಗಸರೇ ತರಬೇತಿ ಪಡೆದು, ನೆರೆಹೊರೆಯವರ ಜೊತೆ, ಪೊಲೀಸರು, ಆರೋಗ್ಯ ಸಿಬ್ಬಂದಿ, ಊರ ಹಿರಿಯರ ಜೊತೆ ಸಂಸಾರದೊಳಗಿನ ಅಧಿಕಾರದ ಬಗ್ಗೆ ವರ್ಷಗಟ್ಟಲೆ ಮಾತಾಡಿದರು. 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಾರ್ಯಕ್ರಮ ನಡೆದ ಕಡೆ ಸಂಗಾತಿಯಿಂದ ಆಗುವ ದೈಹಿಕ ಹಿಂಸೆ ಉಳಿದ ಕಡೆಗಿಂತ ಶೇ 52ರಷ್ಟು ಕಡಿಮೆಯಿತ್ತು. ಭಾಷಣ ಬಿಗಿದು ಹೋದವರಿಂದ ಇದು ಆಗಲಿಲ್ಲ. ಅಲ್ಲೇ ಬದುಕುವವರು ಪಟ್ಟು ಹಿಡಿದು ಮಾಡಿದ್ದರಿಂದ ಆಯಿತು.

ನಮ್ಮಲ್ಲಿ ಕಾನೂನಿದೆ, ಸಂತ್ರಸ್ತೆಯರಿಗೆ ನೆರವಾಗುವ ಸಾಂತ್ವನ ಮತ್ತು ಸಖಿ ಕೇಂದ್ರಗಳಿವೆ, ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098 ಇವೆ. ಇವುಗಳಿಗೆ ಸಾಕಷ್ಟು ಹಣ, ಸಿಬ್ಬಂದಿ ಕೊಡಬೇಕಾದ್ದು ಸರ್ಕಾರ. ‘ಬಿದ್ದು ಗಾಯವಾಯಿತು’ ಎನ್ನುವವಳನ್ನು ಮರೆಯಲ್ಲಿ ಇನ್ನೊಮ್ಮೆ ವಿಚಾರಿಸಬೇಕಾದವರು ವೈದ್ಯರು. ಬಂದ ಹೆಣ್ಣನ್ನು ರಾಜಿ ಮಾಡಿ ವಾಪಸು ಕಳಿಸದೆ ದೂರು ಬರೆದುಕೊಳ್ಳಬೇಕಾದವರು ಪೊಲೀಸರು. ಮಗನಿಗೂ ಪಾತ್ರೆ ತೊಳೆಯುವುದನ್ನು, ‘ಬೇಡ’ ಎಂದರೆ ನಿಲ್ಲಿಸುವುದನ್ನು ಕಲಿಸಬೇಕಾದವರು ತಂದೆ ತಾಯಿ. ಗೋಡೆಯಾಚೆ ಏಟಿನ ಸದ್ದು ಕೇಳಿದಾಗ ಟಿವಿ ಸದ್ದು ಹೆಚ್ಚಿಸದೆ ಬಾಗಿಲು ತಟ್ಟಬೇಕಾದವರು, ಫೋನ್ ಮಾಡಬೇಕಾದವರು ನಾವು. ಇವರಲ್ಲಿ ಒಬ್ಬರು ಕೈಬಿಟ್ಟರೂ ಅವಳು ಮತ್ತೆ ಅದೇ ಮನೆಗೆ, ಅದೇ ಭಯಕ್ಕೆ ಮರಳಬೇಕಾಗುತ್ತದೆ.