ಊದುಗೊಳವೆಯ ಉಸಿರು

‘ಜೋರಾಗಿ ಊದಿ, ಇನ್ನೂ ಊದಿ, ಊದಿ, ಬಿಡ್ಬೇಡಿ ಅಮ್ಮಾ, ಊದಿ!’

ಶಿವಮೊಗ್ಗದ ಆಸ್ಪತ್ರೆಯೊಂದರ ಕಿರುಕೋಣೆ. ಮೂಗಿಗೆ ಕ್ಲಿಪ್ಪು, ಬಾಯಲ್ಲಿ ರಟ್ಟಿನ ಕೊಳವೆ. ತಂತ್ರಜ್ಞೆ ಕಬಡ್ಡಿ ಪಂದ್ಯದಲ್ಲಿ ಕೂಗುವವಳ ಹಾಗೆ ಕೂಗುತ್ತಿದ್ದಳು. ತೀರ್ಥಹಳ್ಳಿ ಕಡೆಯ ನನ್ನ ದೊಡ್ಡಮ್ಮ ಊದಿದ್ದು ಮಾತ್ರ ತನಗೆ ರೂಢಿಯಿದ್ದ ರೀತಿಯಲ್ಲೇ: ಮೆಲ್ಲಗೆ, ಉದ್ದಕ್ಕೆ, ಕೆಂಡ ಹೊತ್ತಿಕೊಳ್ಳುವಷ್ಟೇ. ಪರದೆಯ ಮೇಲಿನ ಗೆರೆ ಗುಡ್ಡ ಹತ್ತಲೇ ಇಲ್ಲ. ‘ಹಾಗಲ್ಲ ಅಮ್ಮ, ಒಂದೇ ಸಲಕ್ಕೆ ಹೊರಗೆ ತಳ್ಳಬೇಕು’ ಅಂದಳು ಹುಡುಗಿ. ನಾಲ್ಕನೇ ಸಲಕ್ಕೆ ಸರಿಹೋಯಿತು.

ಏಳು ವರ್ಷದಿಂದ ದೊಡ್ಡಮ್ಮನಿಗೆ ಏದುಸಿರು. ‘ದಮ್ಮು’ ಅಂದರು, ‘ವಯಸ್ಸಾಯ್ತು’ ಅಂದರು. ಮಳೆಗಾಲ ಬಂತೆಂದರೆ ಇಂಜೆಕ್ಷನ್, ಮೂಗು-ಬಾಯಿಗೆ ಮಾಸ್ಕ್ ಇಟ್ಟು ನೆಬುಲೈಸರ್, ಒಂದು ಪೊಟ್ಟಣ ಮಾತ್ರೆ. ಎದೆಗೆ ಸ್ಟೆತಸ್ಕೋಪ್ ಇಟ್ಟವರು ಹಲವರು. ಊದಿಸಿ ನೋಡಿದವರು ಒಬ್ಬರೂ ಇರಲಿಲ್ಲ. ರಕ್ತದೊತ್ತಡ ಅಳೆಯದೆ ಬಿಪಿ ಮಾತ್ರೆ ಕೊಟ್ಟರೆ ನಾವು ಜಗಳಕ್ಕೆ ನಿಲ್ಲುತ್ತೇವೆ. ಉಸಿರನ್ನು ಅಳೆಯದೆ ವರ್ಷಗಟ್ಟಲೆ ಔಷಧ ಕೊಟ್ಟರೆ ಯಾರೂ ಕೇಳುವುದಿಲ್ಲ.

ಈ ಅಳತೆಯೇನೂ ಹೊಸದಲ್ಲ. ಲಂಡನ್ನಿನ ಜಾನ್ ಹಚಿನ್ಸನ್ ನೀರಿನಲ್ಲಿ ಬೋರಲು ಹಾಕಿದ ಪಾತ್ರೆಯೊಳಗೆ ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಊದಿಸಿ, 1846ರಲ್ಲೇ ಲೆಕ್ಕ ಪ್ರಕಟಿಸಿದ್ದ. ಅವನು ನೋಡಿದ್ದು ಒಟ್ಟು ಎಷ್ಟು ಗಾಳಿ ಹೊರಬರುತ್ತದೆ ಎಂಬುದನ್ನು. ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲೇ ಎಷ್ಟು ಬರುತ್ತದೆ ಎಂದು ನೋಡುವ ಜಾಣತನ ನೂರು ವರ್ಷದ ಮೇಲೆ ಬಂತು. ಶ್ವಾಸನಾಳ ಸಲೀಸಾಗಿದ್ದರೆ ಒಟ್ಟು ಗಾಳಿಯ ಮುಕ್ಕಾಲು ಭಾಗ ಆ ಮೊದಲ ಸೆಕೆಂಡಿಗೇ ಆಚೆ ಬಂದುಬಿಡುತ್ತದೆ. ನಾಳ ಕಿರಿದಾಗಿದ್ದರೆ ಬಾಯಿ ಸಣ್ಣದಾದ ತಂಬಿಗೆಯ ನೀರಿನಂತೆ ಗಳಗಳ ಎನ್ನುತ್ತ ನಿಧಾನವಾಗಿ ಬರುತ್ತದೆ.

ದೊಡ್ಡಮ್ಮ ಊದಿದ ಮೇಲೆ ನಾಳ ಹಿಗ್ಗಿಸುವ ಸಾಲ್ಬುಟಮಾಲ್ ನಾಲ್ಕು ಪಫ್ ಎಳೆಸಿ, ಕಾಲು ಗಂಟೆ ಕೂರಿಸಿ ಮತ್ತೆ ಊದಿಸಿದರು. ಅಸ್ತಮಾದಲ್ಲಿ ಈ ಎರಡನೇ ಗೆರೆ ಸಾಮಾನ್ಯವಾಗಿ ಚೆನ್ನಾಗಿ ಮೇಲೇಳುತ್ತದೆ. ದೊಡ್ಡಮ್ಮನದು ಏಳಲಿಲ್ಲ. ಮೊದಲ ಸೆಕೆಂಡಿನ ಪಾಲು ಔಷಧದ ನಂತರವೂ ನೂರಕ್ಕೆ ಎಪ್ಪತ್ತು ದಾಟದಿದ್ದರೆ ವೈದ್ಯರ ಅನುಮಾನ ಸಿಒಪಿಡಿ, ಅಂದರೆ ಶ್ವಾಸನಾಳ ಕಾಯಮ್ಮಾಗಿ ಕಿರಿದಾಗುವ ಕಾಯಿಲೆಯ ಕಡೆಗೆ ತಿರುಗುತ್ತದೆ.

‘ಬೀಡಿ ಸೇದೋರ ಕಾಯಿಲೆ ಅಲ್ವಾ ಅದು?’ ಎಂದೆ ನಾನು. ವೈದ್ಯರು ನನ್ನತ್ತ ನೋಡಲೂ ಇಲ್ಲ.

‘ಅಮ್ಮ, ಒಲೆ ಮುಂದೆ ಎಷ್ಟು ವರ್ಷ?’

‘ಮದುವೆಯಾಗಿ ಬಂದ ಮಾರನೇ ದಿನದಿಂದ.’

ಅಡುಗೆ ಒಲೆ ಒಂದೇ ಅಲ್ಲ. ಬಚ್ಚಲ ಹಂಡೆಯ ಒಲೆಯಿದೆ, ಮಳೆಗಾಲದ ಹಸಿ ಸೌದೆಯಿದೆ, ಕೊಯ್ಲಿನ ತಿಂಗಳುಗಳಲ್ಲಿ ಅಡಕೆ ಬೇಯಿಸುವ ದೊಡ್ಡ ಒಲೆಯಿದೆ. ನಮ್ಮ ದೇಶದಲ್ಲಿ ಒಂದು ಬೀಡಿಯನ್ನೂ ಮುಟ್ಟದ ಹೆಂಗಸರಿಗೆ ಸಿಒಪಿಡಿ ಬರುವುದಕ್ಕೆ ಸೌದೆ, ಬೆರಣಿಯ ಹೊಗೆಯೇ ದೊಡ್ಡ ಕಾರಣ. ಗ್ಯಾಸ್ ಬಂದಿದ್ದರೂ ಬಚ್ಚಲೊಲೆ ಆರುವುದಿಲ್ಲ. ‘ಒಲೆ ನೀರಿನ ಸ್ನಾನದ ಸುಖವೇ ಬೇರೆ’ ಎಂದು ಊರಿಗೆ ಹೋದಾಗಲೆಲ್ಲ ಹೇಳುವ ನನ್ನಂಥವರ ಪಾಲೂ ಅದರಲ್ಲಿದೆ.

ಹಾಗಂತ ಉಸಿರುಗಟ್ಟುವುದೆಲ್ಲ ಶ್ವಾಸಕೋಶದ್ದೇ ತೊಂದರೆಯಲ್ಲ. ಅಂಗಾತ ಮಲಗಿದರೆ ಉಸಿರಾಡಲಾಗದೆ ಎದ್ದು ಕೂರುವವರ, ಸಂಜೆಗೆ ಪಾದ ಬಾತುಕೊಳ್ಳುವವರ ಹೃದಯವನ್ನು ನೋಡಬೇಕು. ಕಣ್ಣ ರೆಪ್ಪೆಯ ಒಳಗೆ ಬೆಳ್ಳಗಿದ್ದರೆ ರಕ್ತಹೀನತೆ ಇರಬಹುದು. ಶ್ವಾಸಕೋಶದ್ದೇ ಆದರೂ ಕಾರಣ ಬೇರೆಯಿರಬಹುದು: ಹಳೇ ಕ್ಷಯ ವಾಸಿಯಾದರೂ ಗಾಯದ ಗುರುತು ಉಳಿದಿರಬಹುದು. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟಾಗ ಚಪ್ಪಲಿಯ ವೆಲ್ಕ್ರೋ ಪಟ್ಟಿ ಕಿತ್ತಂಥ ಸದ್ದು ಬಂದರೆ ಶ್ವಾಸಕೋಶ ನಾರುಗಟ್ಟುತ್ತಿರುವ ಶಂಕೆ. ಆಗ ವೈದ್ಯರು ಕೇಳುವ ಪ್ರಶ್ನೆ ವಿಚಿತ್ರವಾಗಿರುತ್ತದೆ: ಬಾಲ್ಕನಿಯಲ್ಲಿ ಪಾರಿವಾಳ ಇದೆಯಾ? ಮನೆಯಲ್ಲಿ ಏರ್ ಕೂಲರ್ ಇದೆಯಾ? ಇಂಥ ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಕಲೆಹಾಕಿ 2017ರಲ್ಲಿ ಪ್ರಕಟವಾದ ಭಾರತದ ದಾಖಲೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರದ್ದು ಉಸಿರಿನೊಂದಿಗೆ ಒಳಹೋದ ಬೂಷ್ಟು, ಹಕ್ಕಿಯ ಹಿಕ್ಕೆಪುಡಿಯಂಥವುಗಳಿಗೆ ಶ್ವಾಸಕೋಶ ಮುನಿದು ಬಂದ ಕಾಯಿಲೆ.

ದೊಡ್ಡಮ್ಮನ ರೋಗ ಗೊತ್ತಾಯಿತು, ಔಷಧ ಬರೆದಾಯಿತು. ಕತೆ ಶುರುವಾದದ್ದು ಅಲ್ಲಿಂದ. ಹದಿನೈದು ದಿನದ ಮೇಲೆ ಫೋನ್ ಮಾಡಿದರೆ ‘ಏನೂ ಗುಣ ಇಲ್ಲ’ ಅಂದಳು. ವಿಚಾರಿಸಿದರೆ, ಪುಡಿ ಎಳೆದುಕೊಳ್ಳಬೇಕಾದ ಕ್ಯಾಪ್ಸೂಲನ್ನು ಬೆಳಿಗ್ಗೆ-ರಾತ್ರಿ ಕಾಫಿಯ ಜೊತೆ ನುಂಗಿದ್ದಾಳೆ! ಅದನ್ನು ಹಾಕಿ ಸೇದುವ ಪ್ಲಾಸ್ಟಿಕ್ ಸಾಧನ ಅರಿಸಿನ-ಕುಂಕುಮದ ಬಟ್ಟಲ ಪಕ್ಕ ಭದ್ರವಾಗಿತ್ತು. ತಪ್ಪು ಅವಳದ್ದಲ್ಲ, ಯಾರೂ ಎದುರಿಗೆ ಕೂರಿಸಿ ಮಾಡಿಸಿರಲಿಲ್ಲ. ಇದರಲ್ಲಿ ಇನ್ನೊಂದು ತೊಡಕಿದೆ. ಪುಡಿಯನ್ನು ರಭಸವಾಗಿ ಎಳೆಯಬೇಕು, ಒತ್ತಿ ಎಳೆಯುವ ಪಂಪ್ ಆದರೆ ನಿಧಾನಕ್ಕೆ. ಅವಸರ ಮಾಡಿದರೆ ಔಷಧವೆಲ್ಲ ನಾಲಿಗೆಗೆ. ಎಳೆದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು. ಔಷಧದಲ್ಲಿ ಸ್ಟಿರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಬೇಕು.

‘ಪಂಪು ಹಿಡಿದರೆ ಕೊನೇತನಕ ಬಿಡಲ್ಲ’ ಎಂದು ನೆರೆಮನೆಯವರು ಹೆದರಿಸಿದ್ದರು. ಮೃಗಶಿರಾ ದಿನ ಹೈದರಾಬಾದಿಗೆ ಹೋಗಿ ಮೀನಿನ ಔಷಧ ನುಂಗಿ ಬನ್ನಿ ಎಂಬ ಸಲಹೆಯೂ ಇತ್ತು. ಪಂಪಿನ ಲೆಕ್ಕ ನೋಡಿ. ಸಾಲ್ಬುಟಮಾಲ್ ಮಾತ್ರೆಯಲ್ಲಿ 4 ಮಿಲಿಗ್ರಾಂ, ಪಂಪಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ: ನಲವತ್ತರಲ್ಲೊಂದು ಪಾಲು. ಮೈಯೆಲ್ಲ ಸುತ್ತಿ ಕೈ ನಡುಗಿಸುವ ಮಾತ್ರೆಗೆ ಅಂಜದವರು ಪಂಪಿಗೆ ಅಂಜುತ್ತಾರೆ.

ಆದರೆ ಬರೀ ಸಾಲ್ಬುಟಮಾಲ್ ನಂಬಿಕೊಂಡು ಅಸ್ತಮಾ ನಿಭಾಯಿಸುವುದು ಸರಿಯಲ್ಲ ಎಂದು 2019ರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತಿದೆ. ಒಳಗಿನ ಉರಿಯೂತ ಇಳಿಸಲು ಎಳೆದುಕೊಳ್ಳುವ ಸ್ಟಿರಾಯ್ಡ್ ಬೇಕು. ಸಿಒಪಿಡಿಯಲ್ಲಿ ಲೆಕ್ಕ ಬೇರೆ, ನಾಳ ಹಿಗ್ಗಿಸುವ ದೀರ್ಘಾವಧಿ ಔಷಧಗಳೇ ಮುಖ್ಯ. ಆಕ್ಸಿಜನ್ನೂ ಹಾಗೆಯೇ, ಹೆಚ್ಚು ಬಿಟ್ಟಷ್ಟೂ ಒಳ್ಳೆಯದಲ್ಲ. ಸಿಒಪಿಡಿ ಉಲ್ಬಣಿಸಿ ಆಸ್ಪತ್ರೆ ಸೇರಿದವರ ರಕ್ತದಲ್ಲಿ ಆಕ್ಸಿಜನ್ ಮಟ್ಟವನ್ನು ಶೇಕಡಾ 88ರಿಂದ 92ರ ನಡುವೆ ಇಡುತ್ತಾರೆ. ಮೇಲೆ ಹೋದರೆ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ರೋಗಿ ಮಂಪರಿಗೆ ಜಾರಬಹುದು.

ಎರಡನೇ ಸಲ ಹೋದಾಗ ಫಿಸಿಯೋಥೆರಪಿಯ ಹುಡುಗ ಒಂದು ಉಸಿರಾಟ ಹೇಳಿಕೊಟ್ಟ. ಮೂಗಿನಿಂದ ಎಳೆದುಕೊಂಡು, ತುಟಿ ಕಿರಿದು ಮಾಡಿ, ಅದರ ಎರಡರಷ್ಟು ಹೊತ್ತು ಮೆಲ್ಲಗೆ ಬಿಡುವುದು. ಹಾಗೆ ಮಾಡಿದರೆ ಸಡಿಲವಾದ ನಾಳಗಳು ನಡುವೆ ಮುಚ್ಚಿಕೊಳ್ಳದೆ ಒಳಗೆ ಸಿಕ್ಕಿಕೊಂಡ ಗಾಳಿ ಆಚೆ ಬರುತ್ತದೆ. ದೊಡ್ಡಮ್ಮ ಒಂದೇ ಸಲಕ್ಕೆ ಮಾಡಿ ತೋರಿಸಿದಳು. ‘ಎಲ್ಲಿ ಕಲಿತಿರಿ ಅಮ್ಮಾ?’ ಎಂದು ಅವನಿಗೇ ಆಶ್ಚರ್ಯ.

‘ಊದುಗೊಳವೆ’ ಅಂದಳು ದೊಡ್ಡಮ್ಮ. ಬೆಂಗಳೂರಿನ ಆ ಹುಡುಗ ನನ್ನ ಮುಖ ನೋಡಿದ, ನಾನು ಕೈಸನ್ನೆಯಲ್ಲಿ ಒಲೆ ಹಚ್ಚಿ ತೋರಿಸಬೇಕಾಯಿತು.