ಒಮಾನ್‌ಗೆ ಹೋಗ್ತೀರಾ? ನೀರು ಹರಿಯೋ ಕಡೆ ರೂಮು ಹಿಡೀರಿ

ಮಸ್ಕತ್ ನಗರದ ರೂವಿ ಅನ್ನೋ ಬಡಾವಣೆ. ಒಂದು ಸಂಜೆ ಅಲ್ಲಿ ಚಹಾ ಅಂಗಡಿ ಮುಂದೆ ನಿಂತಿದ್ದೆ. ಪಕ್ಕದಲ್ಲಿದ್ದ ವ್ಯಕ್ತಿ ನನ್ನನ್ನೇ ನೋಡ್ತಾ ನೋಡ್ತಾ, "ಹ್ವಾಯ್, ನೀವು ಟಿವಿಯಲ್ಲಿ ಬಪ್ಪವ್ರಲ್ದಾ?" ಅಂದರು. ಕುಂದಾಪುರದವರು. ಒಂದು ಉಗ್ರಾಣದಲ್ಲಿ ಲೆಕ್ಕ ಬರೆಯೋ ಕೆಲಸ. ಒಮಾನ್‌ಗೆ ಬಂದು 18 ವರ್ಷ ಆಯ್ತಂತೆ. ಬೆಳಿಗ್ಗೆ ಎದ್ದು ನಿಜ್ವಾಕ್ಕೆ ಹೋಗ್ತಿದ್ದೀನಿ, ಅಲ್ಲಿ ಏನೇನು ನೋಡ್ಬೇಕು ಹೇಳಿ ಅಂತ ಕೇಳಿದೆ. ಅವರು ನಕ್ಕುಬಿಟ್ಟರು. "ನಾನ್ ಹೋಯ್ಲೇ ಇಲ್ಲ ಮರಾಯ್ರೆ."

ನಿಜ್ವಾ ಮಸ್ಕತ್‌ನಿಂದ ಒಂದೂವರೆ, ಎರಡು ಗಂಟೆ ದಾರಿ. ಅಷ್ಟೇ.

ಅವರದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ವಾರಕ್ಕೊಂದು ರಜೆ, ಅದರಲ್ಲಿ ಬಟ್ಟೆ ಒಗೀಬೇಕು, ಮನೆಗೆ ಫೋನ್ ಮಾಡ್ಬೇಕು, ನಿದ್ದೆ ಮಾಡ್ಬೇಕು. ಆದರೆ ಇಲ್ಲಿಂದ ಟಿಕೆಟ್ ಕೊಟ್ಟು ಹೋಗುವ ನಾವೂ ಹಾಗೇ ಮಾಡ್ತೀವಲ್ಲ, ಅದಕ್ಕೇನು ಹೇಳ್ತೀರಿ? ಕೊಲ್ಲಿ ಅಂದರೆ ದುಬೈ, ದುಬೈ ಅಂದರೆ ಎತ್ತರದ ಕಟ್ಟಡ, ಅದರ ಮುಂದೆ ಒಂದು ಫೋಟೋ. ಪಕ್ಕದಲ್ಲೇ ಕರ್ನಾಟಕದ ಒಂದೂವರೆ ಪಟ್ಟಿಗಿಂತ ದೊಡ್ಡದಾದ, ಜನಸಂಖ್ಯೆ ಬರೀ 50 ಲಕ್ಷದ ಆಸುಪಾಸಿನ ಒಂದು ದೇಶ ಇದೆ ಅನ್ನೋದು ನಮ್ಮ ಪ್ರವಾಸದ ಪಟ್ಟಿಗೇ ಬರಲ್ಲ.

ನಮಗೂ ಆ ದೇಶಕ್ಕೂ ಇರುವ ನಂಟು ಇವತ್ತಿನದಲ್ಲ. ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ಮೈಸೂರು ಸರ್ಕಾರದ ವ್ಯಾಪಾರ ಕೋಠಿಯನ್ನೇ ಇಟ್ಟಿದ್ದ. ಮಂಗಳೂರಿನ ಅಕ್ಕಿ, ಜೊತೆಗೆ ಮೆಣಸು, ಏಲಕ್ಕಿ, ಗಂಧ ಅಲ್ಲಿಗೆ ಹಡಗಿನಲ್ಲಿ ಹೋಗ್ತಿತ್ತು. ಇನ್ನೊಂದು ವಿಷಯ ಗೊತ್ತಾ? 1970ರವರೆಗೆ ಒಮಾನ್‌ನಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ! ಕೊಲ್ಲಿ ನಾಡುಗಳಿಗಾಗಿಯೇ ನಮ್ಮ ರಿಸರ್ವ್ ಬ್ಯಾಂಕ್ 1959ರಲ್ಲಿ ಬೇರೆ ನೋಟು ಮುದ್ರಿಸಿತ್ತು. ಈಗ ಅವರದ್ದು ರಿಯಾಲ್. ಅದರ ಚಿಲ್ಲರೆಗೆ ಇವತ್ತಿಗೂ 'ಬೈಸಾ' ಅಂತಾರೆ. ನಮ್ಮ ಪೈಸೆಯೇ ಅದು. ಒಂದು ರಿಯಾಲ್‌ಗೆ ನಮ್ಮ 200 ರೂಪಾಯಿಗೂ ಹೆಚ್ಚು ಕೊಡಬೇಕು. ಹೀಗಾಗಿ ಕೈಯಲ್ಲಿ ಹತ್ತು ರಿಯಾಲ್ ನೋಟು ಹಿಡಿದಾಗ ಸ್ವಲ್ಪ ಹುಷಾರು.

ಮಸ್ಕತ್‌ಗೆ ಒಂದೂವರೆ ದಿನ ಸಾಕು. ಸುಲ್ತಾನ್ ಖಾಬೂಸ್ ಮಹಾ ಮಸೀದಿ ನೋಡಲೇಬೇಕು. 2001ರಲ್ಲಿ ಉದ್ಘಾಟನೆಯಾದದ್ದು. ಅದನ್ನು ಕಟ್ಟಿರೋದು ಭಾರತದಿಂದ ತರಿಸಿದ ಮರಳುಗಲ್ಲಿನಿಂದ. ಬೇರೆ ಧರ್ಮದವರಿಗೆ ಬೆಳಗಿನ ಹೊತ್ತು ಮಾತ್ರ ಪ್ರವೇಶ, ಶುಕ್ರವಾರ ಇಲ್ಲ. ಸಂಜೆಗೆ ಮುತ್ರಾಹ್ ಬಂದರಿನ ಹಳೇ ಸಂತೆಗೆ ಹೋಗಿ. ಓಣಿ ತುಂಬ ಲೋಬಾನದ ಹೊಗೆ. ಅಲ್ಲಿ ಒಂದು ಕಪ್ 'ಕರಕ್' ಚಹಾ ಕುಡೀರಿ. ಹೆಸರು ಕೇಳಿ ಅರಬ್ಬಿ ಅಂದುಕೊಳ್ಳಬೇಡಿ, ನಮ್ಮ 'ಕಡಕ್' ಚಹಾ. ಅದರ ಜೊತೆ ರಖಾಲ್. ಬಿಸಿ ಹೆಂಚಿನ ಮೇಲೆ ಹಿಟ್ಟನ್ನು ಕೈಯಲ್ಲೇ ಸವರಿ, ಕಾಗದದಷ್ಟು ತೆಳ್ಳಗೆ ಮಾಡಿ, ಜೇನೋ ಮೊಟ್ಟೆಯೋ ಹಾಕಿ ಮಡಚಿ ಕೊಡ್ತಾರೆ. ಪೇಪರ್ ದೋಸೆಯ ದೂರದ ಸೋದರ. ಸಸ್ಯಾಹಾರಿಗಳು ಭಯ ಪಡಬೇಕಿಲ್ಲ. ಗುಜರಾತಿ ವ್ಯಾಪಾರಿಗಳು ತಲೆಮಾರುಗಳಿಂದ ಇರುವ ಊರದು, ಇಡ್ಲಿ ಸಾಂಬಾರೂ ಸಿಗುತ್ತೆ. ಮೀನು ತಿನ್ನುವವರಾದರೆ ಮಶುವಾಯ್ ಕೇಳಿ: ನಮ್ಮ ಅಂಜಲ್ ಮೀನನ್ನು ಇಡಿಯಾಗಿ ಕೆಂಡದ ಮೇಲೆ ಸುಟ್ಟು ನಿಂಬೆಹುಳಿ ಅನ್ನದ ಜೊತೆ ಬಡಿಸ್ತಾರೆ.

ಈಗ ವಿಷಯಕ್ಕೆ ಬರೋಣ.

ನಿಜ್ವಾ ಅಂದರೆ ಎಲ್ಲರೂ ಕೋಟೆ ತೋರಿಸ್ತಾರೆ. 17ನೇ ಶತಮಾನದ್ದು, ಭಾರೀ ದುಂಡು ಬುರುಜು. ಶತ್ರುಗಳ ತಲೆ ಮೇಲೆ ಕುದಿಯೋ ಖರ್ಜೂರದ ಪಾಕ ಸುರೀತಿದ್ದ ಕಿಂಡಿಗಳನ್ನೂ ತೋರಿಸ್ತಾರೆ. ಶುಕ್ರವಾರ ಬೆಳಿಗ್ಗೆ ಅಲ್ಲಿ ಆಡಿನ ಸಂತೆ. ಮಾರುವವರು ಆಡು ಹಿಡಿದುಕೊಂಡು ಸುತ್ತು ಹಾಕ್ತಾರೆ, ಕೊಳ್ಳುವವರು ನಡುವೆ ಮತ್ತು ಹೊರಗೆ ಕೂತು ಕೂಗ್ತಾರೆ. ಚೆನ್ನಾಗಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಊರ ಹೊರಗಿನ ಮೊಣಕಾಲುದ್ದದ ಒಂದು ಕಾಲುವೆ. ಸುತ್ತ ಬೋಳು ಬೆಟ್ಟ, ಒಂದು ಹುಲ್ಲುಕಡ್ಡಿ ಇಲ್ಲ. ನಡುವೆ ಗಾಜಿನಂಥ ನೀರು ತಣ್ಣಗೆ ಹರೀತಿದೆ. ಎಲ್ಲಿಂದ ಬಂತು ಇದು? ಪಂಪ್ ಸದ್ದಿಲ್ಲ, ಪೈಪಿಲ್ಲ, ಅಣೆಕಟ್ಟಿಲ್ಲ!

ಇದರ ಹೆಸರು ಫಲಜ್. ನಾನು ನಿಂತಿದ್ದು ಫಲಜ್ ದಾರಿಸ್ ಎನ್ನುವ, ಒಮಾನ್‌ನ ಅತಿ ದೊಡ್ಡ ಫಲಜ್ ಮುಂದೆ. ಕೆಲಸ ಮಾಡೋ ರೀತಿ ಸರಳ, ಕಟ್ಟೋ ಕೆಲಸ ಮಾತ್ರ ಭಯಂಕರ. ಬೆಟ್ಟದ ಬುಡದಲ್ಲಿ ಮೊದಲು ಆಳವಾದ ಒಂದು ಬಾವಿ ತೋಡ್ತಾರೆ. ಅದನ್ನು ತಾಯಿ ಬಾವಿ ಅಂತಾರೆ. ನೀರು ಸಿಕ್ಕ ಮಟ್ಟದಿಂದ ಊರಿನ ಕಡೆಗೆ ನೆಲದೊಳಗೇ ಸುರಂಗ ಕೊರೀತಾರೆ. ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು. ಜಾಸ್ತಿಯಾದರೆ ನೀರು ಮಣ್ಣು ಕೊರೆದು ಸುರಂಗ ಕುಸಿಯುತ್ತೆ, ಕಡಿಮೆಯಾದರೆ ಹೂಳು ತುಂಬುತ್ತೆ. ಮಣ್ಣು ಎತ್ತೋಕೆ, ಗಾಳಿಯಾಡೋಕೆ ಅಲ್ಲಲ್ಲಿ ಮೇಲಿಂದ ಕಿಂಡಿ. ಹೀಗೆ ಕಿಲೋಮೀಟರ್‌ಗಟ್ಟಲೆ. ನೀರು ನೆಲದಡಿಯಲ್ಲೇ ಬರೋದರಿಂದ ಬಿಸಿಲಿಗೆ ಆವಿಯಾಗಲ್ಲ. ಊರ ಹತ್ತಿರ ತಾನಾಗಿ ಮೇಲೆ ಬರುತ್ತೆ. ಇಂಥ ಸುಮಾರು 3,000 ಫಲಜ್ ಇವತ್ತಿಗೂ ಒಮಾನ್‌ನಲ್ಲಿ ಬಳಕೆಯಲ್ಲಿವೆ. 2006ರಲ್ಲಿ ಯುನೆಸ್ಕೋ ಅವುಗಳಲ್ಲಿ ಐದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಎಂಜಿನಿಯರಿಂಗ್ ಇರಲಿ, ಹಂಚಿಕೆ ನೋಡಿ. ಫಲಜ್ ಅನ್ನೋ ಪದದ ಮೂಲ ಅರ್ಥವೇ 'ಪಾಲು ಮಾಡುವುದು'. ನೀರು ಊರಿಗೆ ಬಂದ ಮೊದಲ ಜಾಗದಲ್ಲಿ ಕುಡಿಯೋಕೆ ಕೊಡ ತುಂಬಿಸಿಕೊಳ್ಳಬೇಕು, ಅಲ್ಲಿ ಯಾರೂ ಕೈಕಾಲು ತೊಳೆಯೋ ಹಾಗಿಲ್ಲ. ಆಮೇಲೆ ಮಸೀದಿ, ಆಮೇಲೆ ಗಂಡಸರು ಹೆಂಗಸರಿಗೆ ಬೇರೆ ಬೇರೆ ಸ್ನಾನದ ಜಾಗ. ಕೊನೆಗೆ ತೋಟ. ತೋಟದ ಪಾಲು ಅಳತೆ ಲೀಟರ್‌ನಲ್ಲಲ್ಲ, ಹೊತ್ತಿನಲ್ಲಿ. ಒಂದು 'ಅಥರ್' ಅಂದರೆ ಸುಮಾರು ಅರ್ಧ ಗಂಟೆ. ಹಗಲಲ್ಲಿ ನೆಟ್ಟ ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ಹುಟ್ಟೋದು ನೋಡಿ ಸರದಿ ಬದಲಾಯಿಸ್ತಿದ್ದರು. ಈಗ ಹೆಚ್ಚಿನ ಕಡೆ ಕೈಗಡಿಯಾರ. ಈ ಹೊತ್ತನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು, ಮಕ್ಕಳಿಗೆ ಬಿಟ್ಟು ಹೋಗಬಹುದು. ಒಂದಷ್ಟು ಹೊತ್ತನ್ನು ಫಲಜ್ ಹೆಸರಲ್ಲೇ ಇಟ್ಟು, ಅದನ್ನು ಹರಾಜು ಹಾಕಿ, ಬಂದ ದುಡ್ಡಲ್ಲಿ ಹೂಳು ತೆಗೆಸ್ತಾರೆ. ಇದನ್ನೆಲ್ಲ ನೋಡಿಕೊಳ್ಳೋದಕ್ಕೆ 'ವಕೀಲ್' ಅಂತ ಒಬ್ಬ ಇರ್ತಾನೆ. ಕೋರ್ಟಿನ ವಕೀಲ ಅಲ್ಲ, ನೀರಿನ ಯಜಮಾನ. ಕಾವೇರಿ ಸುದ್ದಿ ಓದಿ ಓದಿ ಗಂಟಲು ಕಟ್ಟಿಸಿಕೊಂಡ ನನ್ನಂಥವನಿಗೆ ಅಲ್ಲಿಂದ ಕಾಲು ಕೀಳೋಕೆ ಮನಸ್ಸಾಗಲಿಲ್ಲ.

ಅದಕ್ಕೇ ನಾನು ಹೇಳೋದು, ಒಮಾನ್‌ನಲ್ಲಿ ಉಳಿಯೋಕೆ ಜಾಗ ಹುಡುಕುವಾಗ ಸ್ಟಾರ್ ಎಣಿಸಬೇಡಿ, ಫಲಜ್ ಹುಡುಕಿ. ನನ್ನ ಆಯ್ಕೆ ನಿಜ್ವಾದಿಂದ ಮುಂದೆ, ಅಲ್ ಹಮ್ರಾ ಪಟ್ಟಣದ ಮೇಲಿರುವ ಮಿಸ್ಫಾ ಅಲ್ ಅಬ್ರಿಯೀನ್ ಅನ್ನೋ ಹಳ್ಳಿ. ಬಂಡೆಯ ಮೇಲೆ ಬಂಡೆಯ ಬಣ್ಣದ್ದೇ ಮಣ್ಣಿನ ಮನೆಗಳು. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಖರ್ಜೂರ, ಬಾಳೆ, ನಿಂಬೆ, ದಾಳಿಂಬೆ. ಊರಿನವರೇ ತಮ್ಮ ಹಳೇ ಮನೆಗಳನ್ನು ರಿಪೇರಿ ಮಾಡಿ ಅತಿಥಿಗಳಿಗೆ ಕೊಡ್ತಾರೆ. ನಾನಿದ್ದ ಕೋಣೆಯಲ್ಲಿ ನೆಲದ ಮೇಲೆ ಹಾಸಿಗೆ, ಬಚ್ಚಲಮನೆ ಹೊರಗೆ. ದೂರು ಹೇಳುವವರಿದ್ದಾರೆ. ನನಗಂತೂ ರಾತ್ರಿ ಇಡೀ ಕಿಟಕಿ ಕೆಳಗೆ ಹರಿಯೋ ನೀರಿನ ಸದ್ದೇ ಸಾಕಾಯ್ತು. ಊಟ ಮಾಳಿಗೆ ಮೇಲೆ, ಎಲ್ಲರೂ ಒಂದೇ ದೊಡ್ಡ ತಟ್ಟೆ ಸುತ್ತ. ಊಟದ ನಂತರ ಏಲಕ್ಕಿ ಹಾಕಿದ ಕಾಫಿ, ಖರ್ಜೂರ. ಆ ಪುಟ್ಟ ಲೋಟವನ್ನು ಅಲ್ಲಾಡಿಸಿ ಕೊಡೋವರೆಗೂ ಮತ್ತೆ ಮತ್ತೆ ತುಂಬಿಸ್ತಾನೇ ಇರ್ತಾರೆ. ಇದು ಗೊತ್ತಿಲ್ಲದೆ ನಾನು ಆರು ಲೋಟ ಕುಡಿದು ಬೆಳಗಿನವರೆಗೆ ಕಣ್ಣುಬಿಟ್ಟುಕೊಂಡಿದ್ದೆ. ಹಬ್ಬದ ಸಮಯದಲ್ಲಿ ಹೋದರೆ ಶುವಾ ಸಿಗಬಹುದು: ಮಸಾಲೆ ಹಚ್ಚಿದ ಮಾಂಸವನ್ನು ಎಲೆಯಲ್ಲಿ ಸುತ್ತಿ, ನೆಲದ ಗುಂಡಿಯ ಕೆಂಡದಲ್ಲಿ ಒಂದೆರಡು ದಿನ ಮುಚ್ಚಿಟ್ಟು ಬೇಯಿಸಿದ್ದು. ಊರೊಳಗೆ ಹೋಗುವಾಗ ಮೈ ಮುಚ್ಚೋ ಬಟ್ಟೆ ಹಾಕಿಕೊಳ್ಳಿ. ಜನ ಬದುಕ್ತಿರೋ ಊರು ಅದು, ಪಾರ್ಕಲ್ಲ.

ಅಲ್ಲಿಂದ ಜೆಬೆಲ್ ಅಖ್ದರ್, ಅಂದರೆ ಹಸಿರು ಬೆಟ್ಟ. 2,000 ಮೀಟರ್ ಎತ್ತರ. ಫೋರ್ ವೀಲ್ ಡ್ರೈವ್ ಗಾಡಿ ಇಲ್ಲದಿದ್ದರೆ ಚೆಕ್‌ಪೋಸ್ಟ್‌ನಲ್ಲೇ ವಾಪಸ್ ಕಳಿಸ್ತಾರೆ. ಏಪ್ರಿಲ್‌ನಲ್ಲಿ ಗುಲಾಬಿ ಕೊಯ್ಲು, ಮನೆಮನೆಯಲ್ಲೂ ಪನ್ನೀರು ಇಳಿಸ್ತಾರೆ.

ಮರಳಿನ ವಿಷಯ ಹೇಳಲೇ ಇಲ್ಲವಲ್ಲ ಅಂತೀರಾ? ಬಿದಿಯಾ ಊರಿನ ಪಕ್ಕದಿಂದ ಶರ್ಖಿಯಾ ಮರಳುಗಾಡು ಶುರು. ಒಂದು ರಾತ್ರಿ ಡೇರೆಯಲ್ಲಿ ಉಳೀರಿ, ಒಂದೇ ಸಾಕು. ಜೀಪನ್ನು ದಿಬ್ಬದ ಮೇಲಿಂದ ಬೀಳಿಸೋ ಆಟಕ್ಕೆ ದುಡ್ಡು ಕೊಡಬೇಡಿ. ಬೆಳಿಗ್ಗೆ ಐದಕ್ಕೆ ಎದ್ದು ನಡ್ಕೊಂಡು ದಿಬ್ಬ ಹತ್ತಿ, ಅದಕ್ಕೆ ದುಡ್ಡಿಲ್ಲ. ಅಲ್ಲಿಂದ ಕರಾವಳಿಗೆ ಇಳಿದರೆ ಮರದ ಹಡಗು ಕಟ್ಟುವ ಸೂರ್ ಪಟ್ಟಣ, ಅದರಾಚೆ ಹಸಿರು ಆಮೆಗಳು ರಾತ್ರಿ ಮೊಟ್ಟೆಯಿಡೋಕೆ ದಡಕ್ಕೆ ಬರುವ ರಾಸ್ ಅಲ್ ಜಿನ್ಜ್.

ಮಸ್ಕತ್‌ಗೆ ವಾಪಸಾಗುವ ದಾರಿಯಲ್ಲಿ ವಾದಿ ಶಾಬ್. ವಾದಿ ಅಂದರೆ ಬೆಟ್ಟಗಳ ನಡುವಿನ ಹಳ್ಳದ ಕಣಿವೆ. ದೋಣಿಯಲ್ಲಿ ದಾಟಿ, ಮುಕ್ಕಾಲು ಗಂಟೆ ನಡೆದು, ಹಸಿರು ನೀರಿನಲ್ಲಿ ಈಜಿದರೆ ಕೊನೆಗೆ ಗುಹೆಯೊಳಗೆ ಒಂದು ಜಲಪಾತ. ಸ್ವರ್ಗ. ಆದರೆ ಒಂದು ಎಚ್ಚರಿಕೆ. ದೂರದ ಬೆಟ್ಟದಲ್ಲಿ ಮಳೆಯಾದರೆ, ನಿಮ್ಮ ತಲೆ ಮೇಲೆ ಬಿಸಿಲಿದ್ದರೂ, ನಿಮಿಷಗಳಲ್ಲಿ ಪ್ರವಾಹ ಬರುತ್ತೆ. ಬೋಳು ಬಂಡೆ ನೀರನ್ನು ಹೀರಲ್ಲ. 2024ರ ಏಪ್ರಿಲ್‌ನಲ್ಲಿ ಶಾಲಾ ಮಕ್ಕಳಿದ್ದ ವಾಹನ ಇಂಥದ್ದೇ ಪ್ರವಾಹದಲ್ಲಿ ಕೊಚ್ಚಿಹೋದ ಸುದ್ದಿಯನ್ನು ನಾನೇ ಓದಿದ್ದೆ. ಮರಳುಗಾಡಿನಲ್ಲಿ ನೀರಿಗೆ ಸಿಕ್ಕಿ ಸಾಯೋದು ಅಂದರೆ ನಂಬೋಕಾಗಲ್ಲ. ಮುನ್ಸೂಚನೆ ನೋಡದೆ ವಾದಿಗೆ ಇಳಿಯಲೇಬೇಡಿ.

ದಕ್ಷಿಣದ ಸಲಾಲಾ ಬೇರೆಯೇ ಲೋಕ. ರಸ್ತೆಯಲ್ಲಿ ಸುಮಾರು 1,000 ಕಿಲೋಮೀಟರ್, ವಿಮಾನದಲ್ಲಿ ಹೋಗಿ. ನಮ್ಮ ಕರಾವಳಿಗೆ ಬರುವ ನೈರುತ್ಯ ಮುಂಗಾರಿನದ್ದೇ ಒಂದು ಅಂಚು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧೋಫಾರ್ ಬೆಟ್ಟಗಳನ್ನು ಸವರುತ್ತೆ. ಜೋರು ಮಳೆಯಲ್ಲ, ಮಂಜು ಮತ್ತು ಜಿಟಿಜಿಟಿ. ಮರಗಳು ಎಲೆಯಲ್ಲೇ ಮಂಜು ಹಿಡಿದು ನೀರು ಮಾಡಿಕೊಳ್ತವೆ. ಅರಬ್ಬರು ಮಳೇಲಿ ನೆನೆಯೋಕೆ ಅಂತಲೇ ಕಾರು ಹತ್ತಿಕೊಂಡು ಬರ್ತಾರೆ! ರಸ್ತೆ ಬದಿಯಲ್ಲಿ ಎಳನೀರು, ಬಾಳೆಹಣ್ಣು. ಬ್ರಹ್ಮಾವರದ ಹತ್ತಿರ ಎಲ್ಲೋ ಇದ್ದೀವಿ ಅನ್ನಿಸುತ್ತೆ.

ಹೊರಡುವ ಮುನ್ನ ಮಿಸ್ಫಾದ ನಮ್ಮ ಆತಿಥೇಯರನ್ನು ಕೇಳಿದ್ದೆ, ಈ ಫಲಜ್ ಇನ್ನೆಷ್ಟು ಕಾಲ? ಅವರು ಸುತ್ತಿಬಳಸಿ ಮಾತಾಡಲಿಲ್ಲ. ಹುಡುಗರು ಮಸ್ಕತ್‌ಗೆ ಹೋದರು, ತೋಟದ ಕೆಲಸಕ್ಕೆ ಈಗ ಭಾರತ, ಬಾಂಗ್ಲಾದಿಂದ ಬಂದವರು. ಕೆಳಗಿನ ಬಯಲಲ್ಲಿ ಮೋಟಾರು ಬಾವಿ ಹೆಚ್ಚಾದಂತೆ ಅಂತರ್ಜಲ ಇಳೀತಿದೆ. ಸುರಂಗಕ್ಕಿಂತ ಕೆಳಗೆ ನೀರು ಹೋದರೆ ಫಲಜ್ ಬತ್ತಿತು ಅಂತಲೇ ಅರ್ಥ. ಪಂಪು ನೀರನ್ನು ಹಿಂಬಾಲಿಸಿ ಇಳಿಯುತ್ತೆ, ಫಲಜ್ ಇಳಿಯಲ್ಲ. ಬತ್ತಿದವು ಈಗಾಗಲೇ ಬೇಕಾದಷ್ಟಿವೆ. ನನಗೆ ಬೀದರ್ ನೆನಪಾಯ್ತು. ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಷಿಯಾದ ಇದೇ ವಿದ್ಯೆಯಿಂದ ತೋಡಿದ ಕರೇಜ್ ಸುರಂಗ ಅಲ್ಲಿನ ನೌಬಾದ್‌ನಲ್ಲಿದೆ. ಎಷ್ಟೋ ಕಾಲ ಅದರ ಕಿಂಡಿಗಳಿಗೆ ನಾವು ಕಸ ಸುರಿದೆವು, ಕೆಲವು ವರ್ಷದ ಹಿಂದೆಯಷ್ಟೇ ಹೂಳೆತ್ತಿಸಿದ್ದು. ಬೀದರ್ ಕೋಟೆ ನೋಡಿ ಬಂದ ನಿಮ್ಮಲ್ಲಿ ಎಷ್ಟು ಜನ ಅದನ್ನು ನೋಡಿದ್ದೀರಿ?

ವಾಪಸ್ ಬಂದ ಸಂಜೆ ರೂವಿಯ ಅದೇ ಚಹಾ ಅಂಗಡಿಯಲ್ಲಿ ಕುಂದಾಪುರದವರು ಸಿಕ್ಕರು. ಮೊಬೈಲ್‌ನಲ್ಲಿ ಫಲಜ್ ವಿಡಿಯೋ ತೋರಿಸಿದೆ. ಎರಡು ಸಲ ನೋಡಿದರು. ಅಜ್ಜನ ಕಾಲದಲ್ಲಿ ಊರ ತೋಡಿಗೆ ಕಟ್ಟ ಹಾಕಿ ಅಡಿಕೆ ತೋಟಕ್ಕೆ ಹೀಗೇ ಸರದಿ ಮೇಲೆ ನೀರು ಬಿಡ್ತಿದ್ದರಂತೆ. ತಮ್ಮ ಸರದಿ ಬಂದರೆ ರಾತ್ರಿ ಎರಡು ಗಂಟೆಗೂ ಲಾಟೀನು ಹಿಡಿದು ಹೋಗ್ತಿದ್ದರಂತೆ. ಆಮೇಲೆ ಮೊಬೈಲ್ ವಾಪಸ್ ಕೊಡ್ತಾ ಕೇಳಿದರು, "ನಿಜ್ವಾಕ್ಕೆ ಬಸ್ಸು ಎಷ್ಟೊತ್ತಿಗುಂಟು?"